ಹಿತ್ತಲ ಸ್ಟುಡಿಯೊ ಮದ್ದಲ್ಲ

ಪ್ರಕಟಣೆ ರಾಯರ ಮಾತು ಕೇಳದವರು ಆ ಊರಿನಲ್ಲಿ ಮೂರೇ ಮಂದಿ ಇದ್ದರು. ಆ ಮೂವರೂ ಅವರ ಮನೆಯಲ್ಲೇ ಇದ್ದದ್ದು ರಾಯರ ದುರದೃಷ್ಟ.

ಧ್ವನಿ ಕೊಡುವುದೇ ರಾಯರ ಕಸುಬು. ಲಿಫ್ಟಿನೊಳಗೆ ಅಶರೀರವಾಣಿಯಾಗಿ ನಿಂತು "ಬಾಗಿಲು ಮುಚ್ಚಿಕೊಳ್ಳುತ್ತಿದೆ" ಎಂದು ಎಚ್ಚರಿಸುವವರು ಅವರು. ರೈಲು ನಿಲ್ದಾಣದಲ್ಲಿ "ಪ್ರಯಾಣಿಕರು ದಯವಿಟ್ಟು ಹಳದಿ ಗೆರೆಯಿಂದ ಹಿಂದೆ ಸರಿಯಿರಿ" ಎಂದು ಅವರು ಅಪ್ಪಣೆ ಕೊಡಿಸಿದರೆ ಪೊಲೀಸಿನವನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಬ್ಯಾಂಕಿಗೆ ಫೋನು ಮಾಡಿದವರಿಗೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒತ್ತಿ ಒತ್ತಿ ಹೇಳಿ, ಕೊನೆಗೆ ಎಲ್ಲಿಗೂ ತಲುಪಿಸದೆ ನಡುನೀರಿನಲ್ಲಿ ಕೈಬಿಡುತ್ತಿದ್ದ ಮಹಾನುಭಾವರೂ ಅವರೇ. ಅಂಥ ರಾಯರು ಮನೆಗೆ ಬಂದು, ಅದೇ ಗಾಂಭೀರ್ಯದಿಂದ, "ಒಂದು ಲೋಟ ನೀರು" ಎಂದರೆ, "ನೀರು ಅಡುಗೆಮನೇಲಿದೆ, ಕಾಲು ನಿಮ್ಮ ಹತ್ರ ಇದೆ" ಎಂದು ಒಳಗಿನಿಂದ ಮರುಪ್ರಕಟಣೆ ಬರುತ್ತಿತ್ತು.

ಹಾಗೆ ಪ್ರಕಟಿಸುತ್ತಿದ್ದವರು ಅವರ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಆಕೆಯನ್ನು ಬೀದಿಯೆಲ್ಲ ಟೀಚರಮ್ಮ ಎಂದು ಕರೆಯುತ್ತಿತ್ತು. ಹೆದರಿಕೆಯಾದಾಗ ರಾಯರೂ ಹಾಗೇ ಕರೆಯುತ್ತಿದ್ದರು. ಎರಡನೆಯವಳು ಕಾಲೇಜಿಗೆ ಹೋಗುವ ಮಗಳು. ಮೂರನೆಯವರು ಅತ್ತೆ. "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಬಂದವರು. ಆ ನಾಲ್ಕನೆಯ ದಿನ ಇನ್ನೂ ಬಂದಿರಲಿಲ್ಲ.

ಇಷ್ಟು ದಿನ ರಾಯರು ಊಟದ ಕೋಣೆಯ ಮೂಲೆಯಲ್ಲಿ, ಫ್ರಿಜ್ಜಿನ ಮಗ್ಗುಲಲ್ಲಿ ಮೈಕು ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಲಿಫ್ಟಿಗೂ ಬ್ಯಾಂಕಿಗೂ ಅದು ಸಾಕಾಗಿತ್ತು. ಆದರೆ ಒಂದು ದಿನ ಅವರಿಗೆ ಜೀವಮಾನದ ಅವಕಾಶ ಒದಗಿ ಬಂತು. ನಿದ್ದೆ ಬಾರದವರಿಗೆ ಫೋನಿನ ಮೂಲಕ ನಿದ್ದೆ ಬರಿಸುವ ಕಂಪನಿಯೊಂದು, ಋತುವಿಗೊಂದರಂತೆ ನಾಲ್ಕು ಕಂತುಗಳಲ್ಲಿ, ಕೇಳುಗರನ್ನು ಮೆಲ್ಲಗೆ ಮಲಗಿಸುವ ಕೆಲಸವನ್ನು ಅವರಿಗೆ ಒಪ್ಪಿಸಿತು. (ಈ ಕೆಲಸಕ್ಕೆ ರಾಯರಿಗಿಂತ ಯೋಗ್ಯರು ಸಿಗಲಾರರು ಎಂಬುದರಲ್ಲಿ ಟೀಚರಮ್ಮನಿಗೂ ಅನುಮಾನವಿರಲಿಲ್ಲ. "ಮದುವೆಯಾದ ದಿನದಿಂದ ನೋಡ್ತಿದೀನಿ, ಇವರು ಬಾಯಿ ತೆಗೆದ್ರೆ ನನಗೆ ಆಕಳಿಕೆ" ಎನ್ನುತ್ತಿದ್ದರು.) ಬೇಸಿಗೆಯದನ್ನು ಬೇಸಿಗೆಯಲ್ಲೇ, ಮಳೆಯದನ್ನು ಮಳೆಗಾಲದಲ್ಲೇ ಹೇಳಬೇಕು, ಇಲ್ಲದಿದ್ದರೆ ಧ್ವನಿಯಲ್ಲಿ ಸತ್ಯ ಇರುವುದಿಲ್ಲ ಎಂಬುದು ಕಂಪನಿಯ ನಿರ್ಮಾಪಕಿಯ ನಂಬಿಕೆ. ಆಕೆಯ ಮುಖವನ್ನು ರಾಯರು ನೋಡಿರಲಿಲ್ಲ, ಅವರ ಮುಖವನ್ನು ಆಕೆ ನೋಡಿರಲಿಲ್ಲ, ವ್ಯವಹಾರವೆಲ್ಲ ಫೋನಿನಲ್ಲೇ.

ಮೊದಲ ಮಾದರಿ ಕಳಿಸಿದ ಸಂಜೆಯೇ ಆಕೆ ಫೋನು ಮಾಡಿದಳು. "ಸಾರ್, ಧ್ವನಿ ಅದ್ಭುತ. ಆದ್ರೆ 'ನಿಮ್ಮ ಮನಸ್ಸು ಈಗ ಖಾಲಿಯಾಗುತ್ತಿದೆ' ಅಂತ ನೀವು ಹೇಳಿದ ತಕ್ಷಣ ಹಿಂದೆ ಯಾರೋ 'ಟಾಯ್ಲೆಟ್ ಲೈಟು ಯಾರೇ ಆರಿಸಿಲ್ಲ?' ಅಂತಾರೆ ಸಾರ್. ಅದು ಕವಿತೆಯ ಭಾಗಾನಾ?"

ಅವಮಾನದಲ್ಲಿ ಬೆಂದ ರಾಯರಿಗೆ ಆ ಕ್ಷಣದಲ್ಲೇ ಜ್ಞಾನೋದಯವಾಯಿತು. ಹಿತ್ತಲು! ಗಿಡಗಳ ನಡುವೆ ಒಂದು ಪುಟ್ಟ ಮರದ ಕೋಣೆ. ಹೊರಗೆ ಹಕ್ಕಿ, ಒಳಗೆ ತಾವು. ಊಟಕ್ಕೆ ಕರೆಯಲು ಬಂದವರೂ ಬಾಗಿಲು ತಟ್ಟಿ, ಕಾದು, ಅನುಮತಿ ಪಡೆದು ಒಳಗೆ ಬರುತ್ತಾರೆ. ಆ 'ಅನುಮತಿ' ಎಂಬ ಪದವನ್ನು ನೆನೆದೇ ರಾಯರಿಗೆ ಮೈ ಜುಂ ಎಂದಿತು.

"ಹಿತ್ತಲಲ್ಲಿ ಒಂದು ಸ್ಟುಡಿಯೊ ಕಟ್ಟಿಸೋಣ ಅಂತಿದೀನಿ," ಎಂದರು ಹೆಂಡತಿಗೆ.

"ಯಾರ ಹಿತ್ತಲಲ್ಲಿ?"

"ನಮ್ಮ ಹಿತ್ತಲಲ್ಲಿ."

"ನಮ್ಮ ಅಂದ್ರೆ ಯಾರದು? ಕಳೆ ಕೀಳೋದು ನಾನು, ಗೊಬ್ಬರ ಹಾಕೋದು ನಾನು, ನೀರು ಬಿಡೋದು ನಾನು. ಟೊಮೆಟೊ ಗಿಡ ಯಾವುದು, ಬದನೆ ಗಿಡ ಯಾವುದು ಅಂತ ಇಲ್ಲಿಂದಲೇ ತೋರಿಸಿ. ಆಮೇಲೆ ಅರಮನೇನೇ ಕಟ್ಟಿಸ್ಕೊಳ್ಳಿ."

ರಾಯರು ಕಿಟಕಿಯಿಂದ ಬಗ್ಗಿ ನೋಡಿ, ಹಸಿರಾಗಿ ಕಂಡದ್ದನ್ನೆಲ್ಲ ಟೊಮೆಟೊ ಎಂದರು. ಅದರಲ್ಲಿ ನೀರು ಬಿಡುವ ಪೈಪೂ ಸೇರಿತ್ತು.

ಆದರೂ ಟೀಚರಮ್ಮ ಒಪ್ಪಿದರು. ಒಂದು ಕಡೆ ಗಂಡನ ಮುಖ ನೋಡಿ ಪಾಪ ಎನಿಸಿತ್ತು. ಇನ್ನೊಂದು ಕಡೆ ಊಟದ ಕೋಣೆಯಲ್ಲಿ ಜೋರಾಗಿ ಸೀನುವ ಸ್ವಾತಂತ್ರ್ಯ ಬೇಕಾಗಿತ್ತು. ಎರಡು ಟೊಮೆಟೊ ಪಾತಿಗಳನ್ನು ಕಿತ್ತು ಜಾಗ ಬಿಟ್ಟುಕೊಟ್ಟರು. ಕಿತ್ತ ದಿನ ಮಧ್ಯಾಹ್ನ ಯಾರೊಂದಿಗೂ ಮಾತಾಡಲಿಲ್ಲ. ರಾಯರು ಅದನ್ನು ಗಮನಿಸಲಿಲ್ಲ. ಅವರು ಬಡಗಿಯೊಂದಿಗೆ ಮಾತಾಡುತ್ತಿದ್ದರು.

ಬಡಗಿ ಎಂದರೆ ಸಾಮಾನ್ಯ ಬಡಗಿಯಲ್ಲ. ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದು ತನ್ನ ಘನತೆಗೆ ಕುಂದು ಎಂದು ತಿಳಿದ ಕಲಾವಿದ.

"ಕಿಟಕಿ ಬೇಡ. ಸದ್ದು ಒಳಗೆ ಬರುತ್ತೆ," ಎಂದರು ರಾಯರು.

"ಕಿಟಕಿ ಇಲ್ಲದ್ದಕ್ಕೆ ಪೆಟ್ಟಿಗೆ ಅಂತಾರೆ ಸಾರ್. ನಾನು ಪೆಟ್ಟಿಗೆ ಮಾಡೋನಲ್ಲ," ಎಂದು ಅವನು ಗೋಡೆಯಷ್ಟಗಲದ ಕಿಟಕಿ ಇಟ್ಟ. ಮೇಲೆ ತಗಡು ಹೊದಿಸಿದ. ಒಳಗೋಡೆಗೆಲ್ಲ ರಾಯರು ತಂದುಕೊಟ್ಟ ದಪ್ಪ ಸ್ಪಂಜಿನ ಹಾಳೆ ಅಂಟಿಸಿದ. ಎಲ್ಲ ಮುಗಿದ ಮೇಲೆ ಬಾಗಿಲು ತೆರೆದರೆ, ಅದು ನೆಲಕ್ಕೆ ಉಜ್ಜಿ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು.

"ಇದೇನಯ್ಯಾ?"

"ಹೊಸ ಮರ ಸಾರ್. ಒಂದು ಮಳೆ ಬೀಳಲಿ, ತಾನೇ ಕೂತ್ಕೊಳ್ಳುತ್ತೆ." (ಮಳೆ ಬಿದ್ದ ಮೇಲೆ ಕೇಳಿದಾಗ, "ಒಂದು ಬಿಸಿಲು ಬೀಳಲಿ" ಎಂದ. ಬಿಸಿಲು ಬಿದ್ದ ಮೇಲೆ ರಾಯರು ಕೇಳಲಿಲ್ಲ. ಅವನೂ ಬಾಗಿಲೂ ಒಟ್ಟಿಗೆ ಕಿರುಚಿದರೆ ತಡೆಯುವ ಶಕ್ತಿ ಅವರಿಗಿರಲಿಲ್ಲ.)

ಬೇಸಿಗೆ ಬಂತು. ರಾಯರು ಸಕಲ ಸಲಕರಣೆಗಳೊಂದಿಗೆ ಸ್ಟುಡಿಯೊ ಪ್ರವೇಶ ಮಾಡಿದರು. ಬಾಗಿಲು ಮುಚ್ಚಿದ ಅರ್ಧ ಗಳಿಗೆಯಲ್ಲಿ ಅವರಿಗೆ ರೊಟ್ಟಿಯ ಒಳಮನಸ್ಸು ಅರ್ಥವಾಯಿತು. ಮೇಲೆ ಕಾದ ತಗಡು, ಸುತ್ತ ಸ್ಪಂಜು, ಎದುರಿಗೆ ಬಿಸಿಲನ್ನು ಬಾಚಿ ಬಾಚಿ ಒಳಗೆ ಸುರಿಯುವ ಕಿಟಕಿ. ಫ್ಯಾನು ಹಾಕಿದರೆ ಮೈಕಿಗೆ ಹೆಲಿಕಾಪ್ಟರು ಕೇಳುತ್ತದೆ. ಹಾಕದಿದ್ದರೆ ರಾಯರು ಬೇಯುತ್ತಾರೆ. ಮೊದಲು ಅಂಗಿ ಕಳಚಿದರು. ಮುಂದಿನ ವಾಕ್ಯಕ್ಕೆ ಬನಿಯನ್ನು. ಕೊನೆಗೆ ಮಂಡಿ ಕಾಣುವ ಪಟ್ಟೆಪಟ್ಟೆಯ ಚಡ್ಡಿಯೊಂದರಲ್ಲಿ, ಕೊರಳಿಗೆ ಒದ್ದೆ ಟವೆಲು ಸುತ್ತಿ, ಕಣ್ಣು ಮುಚ್ಚಿ, ಪಿಸುದನಿಯಲ್ಲಿ, "ತಂಪಾದ ಗಾಳಿ ನಿಮ್ಮ ಕೆನ್ನೆಯನ್ನು ಸವರುತ್ತಿದೆ... ನಿಮ್ಮ ದೇಹ ಹಗುರವಾಗುತ್ತಿದೆ... ಎಲ್ಲವನ್ನೂ ಕಳಚಿಡಿ..." ಎನ್ನುತ್ತ, ಕಣ್ಣು ತೆರೆದರು.

ಕಿಟಕಿಯ ಆಚೆ ಟೀಚರಮ್ಮನ ಶಾಲೆಯ ಹೆಡ್‌ಮಿಸ್ಸು ಮತ್ತು ಇಬ್ಬರು ಉಪಾಧ್ಯಾಯಿನಿಯರು ನಿಂತಿದ್ದರು. ಬದನೆ ಗಿಡ ನೋಡಲು ಬಂದವರು.

"ಇವರು ನಮ್ಮ ಮನೆಯವರು," ಎಂದು ಟೀಚರಮ್ಮ ಪರಿಚಯ ಮಾಡಿಸಿದರು, ಬೇರೆ ದಾರಿಯಿರಲಿಲ್ಲ. "ಕೆಲಸ ಮಾಡ್ತಿದಾರೆ."

ಹೆಡ್‌ಮಿಸ್ಸು ಆಕಾಶ ನೋಡುತ್ತ, "ಬಿಸಿಲು ಜಾಸ್ತಿ ಈ ವರ್ಷ," ಎಂದರು.

ಬೇಸಿಗೆಯ ಕಂತು ಹೇಗೋ ಮುಗಿಯಿತು. ಆದರೆ ಆ ಕೋಣೆಯ ಬೆಚ್ಚಗಿನ ಹಬೆ ರಾಯರಿಗೆ ಒಗ್ಗದಿದ್ದರೂ ಟೊಮೆಟೊ ಸಸಿಗಳಿಗೆ ಅಮೃತವಾಗಿ ಒಗ್ಗುತ್ತದೆ ಎಂಬುದನ್ನು ಟೀಚರಮ್ಮ ಕಂಡುಹಿಡಿದರು. ಮರುವಾರ ಮೈಕಿನ ಸುತ್ತ ಕುಂಡಗಳ ಸಭೆ ಸೇರಿತ್ತು. "ಎರಡು ಪಾತಿ ಕಿತ್ತುಕೊಂಡ್ರಲ್ಲ, ಬಡ್ಡಿ ಅಂತ ಇಟ್ಕೊಳ್ಳಿ," ಎಂದರು. ರಾಯರು ಏಳುವಾಗ ಮೊಣಕೈ ತಗುಲಿ ಒಂದು ಕುಂಡ ಉರುಳಿದರೆ, ಓಡಿಬಂದು ಮುಟ್ಟಿ ತಡವಿ, "ಏನೂ ಆಗಿಲ್ಲ ತಾನೇ?" ಎಂದು ಕೇಳುತ್ತಿದ್ದರು, ಕುಂಡವನ್ನು.

ಮಳೆಗಾಲದಲ್ಲಿ ತಗಡು ತನ್ನ ನಿಜರೂಪ ತೋರಿಸಿತು. ನಾಲ್ಕು ಹನಿ ಬಿದ್ದರೆ ಸಾಕು, ತಲೆಯ ಮೇಲೆ ಕುದುರೆಗಳ ಮೆರವಣಿಗೆ ಹೊರಟಂತೆ. "ಮೃದುವಾದ ಮಳೆಯ ಜೋಗುಳ ಕೇಳಿ" ಎಂದು ರಾಯರು ಕಿರುಚಿ ಹೇಳಬೇಕಾಗುತ್ತಿತ್ತು. ಮಳೆ ನಿಂತಿತಲ್ಲಾ ಎಂದು ಕೂತರೆ, ಕುಂಡಗಳ ತೇವಕ್ಕೆ ಬಂದು ನೆಲೆಸಿದ ಕಪ್ಪೆಯೊಂದು ಸರಿಯಾಗಿ ವಾಕ್ಯದ ನಡುವೆ ಬಾಯಿ ಹಾಕುತ್ತಿತ್ತು. ರಾಯರು ಅದನ್ನು ಹಿಡಿಯಲು ಮೇಜಿನ ಕೆಳಗೆ ನುಸುಳಿದರು. ಕಪ್ಪೆ ಮೇಜಿನ ಮೇಲೆ ಹತ್ತಿತು. ಹೀಗೆ ಇಬ್ಬರೂ ಬಹಳ ಹೊತ್ತು ಜಾಗ ಬದಲಾಯಿಸಿಕೊಂಡ ಮೇಲೆ ರಾಯರೇ ರಾಜಿಯಾಗಿ, ಇದ್ದದ್ದನ್ನು ಇದ್ದ ಹಾಗೆ ಕಳಿಸಿದರು.

"ಸಾರ್, ತುಂಬಾ ಚೆನ್ನಾಗಿದೆ," ಎಂದಳು ನಿರ್ಮಾಪಕಿ. "ಆದ್ರೆ ನಡುನಡುವೆ ನೀವು ತೇಗಿದೀರಿ."

"ಅದು ನಾನಲ್ಲಮ್ಮ. ಕಪ್ಪೆ."

"ಆಗ್ಲಿ ಸಾರ್. ವಯಸ್ಸಾದ ಮೇಲೆ ಇದೆಲ್ಲಾ ಇದ್ದದ್ದೇ. ಊಟ ಆದ ಮೇಲೆ ಸ್ವಲ್ಪ ಅಡ್ಡಾಡಿ."

ಆ ತೇಗುಗಳನ್ನು ಅವಳೇ ಹೆಕ್ಕಿ ತೆಗೆದು ಕಂತನ್ನು ಉಳಿಸಿದಳು. ಇತ್ತ ತಗಡಿನ ಮೇಲೆ ಮಳೆ ಬೀಳುವುದನ್ನು ಕೇಳುತ್ತ ಕೂರುವುದಕ್ಕಿಂತ ರಮ್ಯವಾದ ಅನುಭವ ಲೋಕದಲ್ಲಿಲ್ಲ ಎಂದು ಮಗಳಿಗೂ ಅವಳ ಗೆಳತಿಯರಿಗೂ ಮನವರಿಕೆಯಾಗಿತ್ತು. ಓದಲು ಎಂದು ಬಂದ ಆ ತಂಡ ನೆಲದ ಮೇಲೆ ಚಾಪೆ ಹಾಸಿ, ಹುರಿಗಡಲೆ ಮುಕ್ಕುತ್ತ, ಗಿಟಾರು ಮೀಟತೊಡಗಿತು. ರಾಯರು ಕೊಡೆ ಹಿಡಿದು ಬಾಗಿಲಲ್ಲಿ ನಿಂತರೆ, "ಅಪ್ಪಾ, ಒಳಗೆ ಬರೋ ಮುಂಚೆ ಬಾಗಿಲು ತಟ್ಟಬಾರದಾ?" ಎಂದಳು ಮಗಳು. ಅನುಮತಿ ಎಂಬ ಪದಕ್ಕೆ ಕೊನೆಗೂ ಆ ಕೋಣೆಯಲ್ಲಿ ಮರ್ಯಾದೆ ಸಿಕ್ಕಿತ್ತು.

ಚಳಿಗಾಲದಲ್ಲಾದರೂ ನೆಮ್ಮದಿ ಸಿಗಬಹುದೆಂದು ರಾಯರು ಕಾದರು. ಮಳೆಯಿಲ್ಲ, ಕಪ್ಪೆ ನಿದ್ದೆಗೆ ಹೋಗಿದೆ, ಮಗಳ ಗೆಳತಿಯರಿಗೆ ಪರೀಕ್ಷೆ. ಮೊದಲ ಮಂಜಿನ ಮುಂಜಾನೆ, ಉಣ್ಣೆಯ ಟೋಪಿ ಧರಿಸಿ, ಬಿಸಿ ಚಹಾದ ಲೋಟ ಹಿಡಿದು, ಕಿರುಚುವ ಬಾಗಿಲನ್ನು ತಳ್ಳಿ ಒಳಗೆ ಹೋದರೆ, ಅವರ ಕುರ್ಚಿಯ ಜಾಗದಲ್ಲಿ ಆರಾಮಕುರ್ಚಿ ಬಂದಿತ್ತು. ಆರಾಮಕುರ್ಚಿಯಲ್ಲಿ ಅತ್ತೆ ಇದ್ದರು.

"ಬನ್ನಿ ಅಳಿಯಂದ್ರೇ, ಬನ್ನಿ. ಬಾಗಿಲು ಹಾಕ್ಕೊಳ್ಳಿ, ಚಳಿ ಬರುತ್ತೆ," ಎಂದು ಆತಿಥ್ಯ ಮಾಡಿದರು ಅತ್ತೆ. "ಮನೆ ಒಳಗೆ ಕಾಲೆಲ್ಲ ಮರಗಟ್ಟಿ ಹೋಗುತ್ತೆ. ಇಲ್ಲಿ ನೋಡಿ, ಗೋಡೆಗೆಲ್ಲ ಹಾಸಿಗೆ ಹೊಡೆಸಿದೀರಿ, ಎದುರಿಗೆ ಬಿಸಿಲು. ನನಗೋಸ್ಕರ ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ?"

"ಇರಲಿ ಬಿಡಿ" ಎಂದು ರಾಯರ ಬಾಯಿಂದ ಬಂದುಬಿಟ್ಟಿತು. ಲೋಟದ ಚಹಾವನ್ನೂ ಅತ್ತೆ ತಮಗೇ ತಂದದ್ದೆಂದು ತಿಳಿದು ಕೈಚಾಚಿದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದ ಪುಣ್ಯಾತ್ಮರು ಅಳಿಯನಿಗೆಂದು ಯಾವ ಕಾಲವನ್ನೂ ಮಿಗಿಸಿರಲಿಲ್ಲ. ಬೇಸಿಗೆಕಾಲ ಹೆಂಡತಿಗೆ ಹೋಯಿತು, ಮಳೆಗಾಲ ಮಗಳಿಗೆ, ಚಳಿಗಾಲ ಅತ್ತೆಗೆ. ಅತ್ತೆ ನಿದ್ದೆ ಹೋದಾಗ ಮೆಲ್ಲಗೆ ಕೆಲಸ ಮಾಡೋಣವೆಂದು ರಾಯರು ಹೊಂಚು ಹಾಕಿದರೆ, ಅತ್ತೆಯ ಗೊರಕೆ ಅವರ ಪಿಸುದನಿಗೆ ಶ್ರುತಿ ಹಿಡಿಯುತ್ತಿತ್ತು. ಅದರ ಮೇಲೆ ನಿರ್ಮಾಪಕಿ ಫೋನು ಮಾಡಿ, "ಸಾರ್, ಸೋಮವಾರದೊಳಗೆ ಚಳಿಗಾಲ ಬರದಿದ್ರೆ ನಾವು ಬೇರೆ ಧ್ವನಿ ನೋಡ್ಬೇಕಾಗುತ್ತೆ," ಎಂದಳು. ಬೇರೆ ಧ್ವನಿ! ಆ ಸಂಜೆ ಅಡುಗೆಮನೆಯಲ್ಲಿ ರಾಯರು ಸಿಡಿದರು.

"ಅದು ನನ್ನ ಸ್ಟುಡಿಯೊ! ನನ್ನದು! ಅಲ್ಲಿ ನಿನ್ನ ಕುಂಡ ಇದೆ, ಅವಳ ಗಿಟಾರಿದೆ, ನಿಮ್ಮಮ್ಮ ಇದ್ದಾರೆ. ನಾನೆಲ್ಲಿದೀನಿ?"

ಟೀಚರಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. "ರೀ, ಶಾಲೆಯಿಂದ ಬಂದು ನನ್ನದು ಅಂತ ನಾನು ಹೋಗ್ತಿದ್ದ ಜಾಗ ಈ ಮನೇಲಿ ಆ ಹಿತ್ತಲೊಂದೇ. ಅದರಲ್ಲಿ ಅರ್ಧ ಕಿತ್ತು ನಿಮಗೆ ಕೊಟ್ಟೆ. ಒಂದು ದಿನಾನಾದ್ರೂ ನಾನು ಬೋರ್ಡು ಹಾಕ್ಕೊಂಡಿದ್ನಾ, ನನ್ನ ಹಿತ್ತಲು ಅಂತ? ಅಮ್ಮ ಬಿಸಿಲು ಕಾಯೋದಕ್ಕೂ ಈಗ ನಿಮ್ಮ ಅಪ್ಪಣೆ ಬೇಕಾ?"

ಇದಕ್ಕೆ ಉತ್ತರವಾಗಿ ಯಾವ ಗುಂಡಿಯನ್ನು ಒತ್ತಬೇಕೋ ರಾಯರಿಗೆ ತಿಳಿಯಲಿಲ್ಲ. ತೆಪ್ಪಗೆ ಮಲಗುವ ಕೋಣೆಗೆ ನಡೆದರು. ಅಲ್ಲೂ ಚಳಿ. ಸ್ವೆಟರು ತೆಗೆದುಕೊಳ್ಳಲು ಬೀರು ತೆರೆದರು. ಅದು ಗೋಡೆಯಗಲದ ಹಳೆಯ ಮರದ ಬೀರು. ಮನೆಯವರ ಕೋಟು, ಶಾಲು, ಕಂಬಳಿ, ಹೊದಿಕೆ, ಯಾರೂ ತೊಡದ ಆದರೆ ಯಾರೂ ಎಸೆಯಲೊಪ್ಪದ ಬಟ್ಟೆಗಳೆಲ್ಲ ಅದರಲ್ಲಿ ತುಂಬಿದ್ದವು. ಸ್ವೆಟರು ಹುಡುಕುತ್ತ ಅರ್ಧ ಒಳಗೆ ಹೊಕ್ಕ ರಾಯರು, "ಛೇ, ಇದೂ ಒಂದು ಬಾಳೇ?" ಎಂದು ಗೊಣಗಿದರು.

ಗೊಣಗಿದವರು ಅಲ್ಲೇ ನಿಂತರು.

ಎಂಥ ಧ್ವನಿ! ಪ್ರತಿಧ್ವನಿಯಿಲ್ಲ, ಫ್ರಿಜ್ಜಿಲ್ಲ, ಬೀದಿಯಿಲ್ಲ. ಕಂಬಳಿಗಳು ಸದ್ದನ್ನೆಲ್ಲ ನುಂಗಿ, ಮಾತನ್ನು ಮಾತ್ರ ಬೆಣ್ಣೆಯ ಮುದ್ದೆಯ ಹಾಗೆ ಅಂಗೈಗಿಟ್ಟಂತಿತ್ತು. "ಛೇ, ಇದೂ ಒಂದು ಬಾಳೇ?" ಎಂದು ಇನ್ನೊಮ್ಮೆ ಅಂದುನೋಡಿದರು. ಕೇಳಲು ಎಷ್ಟು ಹಿತವಾಗಿತ್ತೆಂದರೆ ಬಾಳು ಪರವಾಗಿಲ್ಲ ಎನಿಸಿತು.

ಮೈಕು ಬಂತು. ಟಾರ್ಚು ಬಂತು. ಕೆಳಗಿನ ಹಲಗೆಯ ಟ್ರಂಕು ಹೊರಗೆ ಹೋಗಿ ರಾಯರು ಒಳಗೆ ಬಂದರು. ಮಂಡಿಗಳನ್ನು ಗಲ್ಲಕ್ಕೆ ಒತ್ತಿಕೊಂಡು, ನುಸಿಗುಳಿಗೆಯ ವಾಸನೆಯಲ್ಲಿ, ಅತ್ತೆಯ ಹಳೇ ಕೋಟಿನ ತೋಳನ್ನು ಹೆಗಲ ಮೇಲೆ ಹೊತ್ತು, ಅವರು ಚಳಿಗಾಲವನ್ನು ಒಂದೇ ಉಸಿರಿಗೆ ಮುಗಿಸಿದರು. ನಿರ್ಮಾಪಕಿಗೆ ಕೇಳಿ ಕಣ್ಣೀರು ಬಂತಂತೆ. "ಸಾರ್, ಕೊನೆಗೂ ನಿಮ್ಮ ಹಿತ್ತಲ ಸ್ಟುಡಿಯೊ ಹದಕ್ಕೆ ಬಂತು!" ರಾಯರು ನಿಜ ಹೇಳಲಿಲ್ಲ. ಒಂದು ಮಂದಹಾಸ ಬೀರಿದರು. ಬೀರಿನಿಂದ ಬೀರುವುದು ಅವರಿಗೆ ಅಷ್ಟರಲ್ಲಿ ರೂಢಿಯಾಗಿತ್ತು.

ಆದರೂ ಗುಟ್ಟು ಅರ್ಧ ರಟ್ಟಾಯಿತು. ಒಂದು ಬೆಳಿಗ್ಗೆ ನಿರ್ಮಾಪಕಿ ಫೋನು ಮಾಡಿದಾಗ ಎತ್ತಿದ್ದು ಮಗಳು.

"ಅಪ್ಪ ಈಗ ಸಿಗಲ್ಲ. ಬೀರಲ್ಲಿದಾರೆ."

"ಬೆಳಿಗ್ಗೆ ಬೆಳಿಗ್ಗೇನೇನಾ?" ಎಂದಳು ನಿರ್ಮಾಪಕಿ ಗಾಬರಿಯಿಂದ.

"ಬೆಳಿಗ್ಗೆ ಒಂದು ಸಲ ಹೋದ್ರೆ ಮಧ್ಯಾಹ್ನಾನೇ ಹೊರಗೆ ಬರೋದು. ಕೆಲವು ಸಲ ನಾವೇ ಕೈ ಹಿಡ್ಕೊಂಡು ಎಬ್ಬಿಸ್ಬೇಕು. ಕಾಲು ನಿಲ್ಲಲ್ಲ."

"ಅಯ್ಯೋ ದೇವರೇ. ಮನೆಯವರು ಏನೂ ಹೇಳಲ್ವಾ?"

"ಅಮ್ಮಾನೇ ದಿನಾ ಒಳಗೆ ಕೂರಿಸಿ ಹೋಗ್ತಾರೆ," ಎಂದು ಮಗಳು ಫೋನಿಟ್ಟಳು. ಆಮೇಲೆ ಕೆಲವು ದಿನ ನಿರ್ಮಾಪಕಿ ರಾಯರೊಂದಿಗೆ ಬಹಳ ಮೆತ್ತಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು.

ವಸಂತ ಬಂತು. ಹಿತ್ತಲೆಲ್ಲ ಹೂವಿನ ಹುಚ್ಚು ಹಿಡಿದಂತಾಯಿತು. ಸ್ಟುಡಿಯೊದ ಕಿಟಕಿ ತೆರೆದರೆ ನಿಂಬೆಹೂವಿನ ಗಂಧ ಒಳಗೆ ಬಂದು ಕೂರುತ್ತಿತ್ತು. ಬೆಳಗಿನ ಚಹಾ ಅಲ್ಲೇ, ಅತ್ತೆಯ ಹೆಣಿಗೆ ಅಲ್ಲೇ, ಟೀಚರಮ್ಮನ ಉತ್ತರಪತ್ರಿಕೆಗಳು ಅಲ್ಲೇ. ಹೆಡ್‌ಮಿಸ್ಸು ಕೂಡ ಎರಡು ಸಲ ಬಂದು, ಮೊದಲು ಕಿಟಕಿಯಲ್ಲಿ ಇಣುಕಿ ಖಚಿತ ಮಾಡಿಕೊಂಡು, ಒಳಗೆ ಕೂತು ಹೋದರು. ಆ ಊರಿನಲ್ಲಿ ಆ ವಸಂತವನ್ನು ಕಾಣದವರೆಂದರೆ ರಾಯರೊಬ್ಬರೇ. ಅವರು ಕತ್ತಲಲ್ಲಿ, ಕಂಬಳಿಗಳ ನಡುವೆ ಕೂತು, "ಸುತ್ತ ನೋಡಿ... ಎಲ್ಲೆಲ್ಲೂ ಬಣ್ಣ..." ಎನ್ನುತ್ತಿದ್ದರು.

ಆದರೆ ಸುಳ್ಳು ಹೇಳಬಾರದು, ಅಲ್ಲೊಂದು ಒಳ್ಳೆಯದೂ ನಡೆಯಿತು. ಒಂದು ಮಧ್ಯಾಹ್ನ ಟೀಚರಮ್ಮ ಒಗೆದ ಬಟ್ಟೆ ಮಡಿಸಲು ಬಂದು ಮಂಚದ ಮೇಲೆ ಕೂತರು. ಬೀರುವಿನ ಬಾಗಿಲು ಸ್ವಲ್ಪ ತೆರೆದಿತ್ತು. ರಾಯರು ಹೊಳೆಯ ದಂಡೆಯೊಂದನ್ನು ವರ್ಣಿಸುತ್ತಿದ್ದರು. ಬಹಳ ಹೊತ್ತಾದರೂ ಅಡ್ಡಮಾತು ಬರಲಿಲ್ಲ. ಆಶ್ಚರ್ಯವಾಗಿ ತಲೆ ಹೊರಹಾಕಿ ನೋಡಿದರೆ, ಹೆಂಡತಿ ಅರ್ಧ ಮಡಿಸಿದ ಅಂಗಿಯನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ್ದಾರೆ. ನಿದ್ದೆ ಬಂದಿರಬೇಕೆಂದು ರಾಯರು ಸುಮ್ಮನಾದರು.

"ಯಾಕ್ರೀ ನಿಲ್ಲಿಸಿದ್ರಿ?" ಎಂದರು ಟೀಚರಮ್ಮ ಕಣ್ಣು ಮುಚ್ಚಿಕೊಂಡೇ. "ಆ ಹೊಳೆ ಎಲ್ಲಿಗೆ ಹೋಯ್ತು ಹೇಳಿ."

ರಾಯರು ಒಳಗೆ ಸರಿದು, ಆ ಹೊಳೆಯನ್ನು ಬರಹದಲ್ಲಿದ್ದದ್ದಕ್ಕಿಂತ ಬಹಳ ದೂರ ಹರಿಸಿದರು. ಬೇಕಿಲ್ಲದ ಎರಡು ಸೇತುವೆಗಳೂ ಬಂದವು.

ನಾಲ್ಕು ಕಂತುಗಳೂ ಸಿದ್ಧವಾದವು. ಬಿಡುಗಡೆಗೆ ಮುಂಚೆ ನಿರ್ಮಾಪಕಿ ಒಂದು ಸಿಹಿಸುದ್ದಿ ಹೇಳಿದಳು. "ಸಾರ್, ಆಫೀಸಲ್ಲಿ ಎಲ್ಲರೂ ಕೇಳ್ತಿದಾರೆ, ಈ ಧ್ವನಿ ಯಾರದು ಅಂತ. ನಿಮ್ಮ ಹಿತ್ತಲ ಸ್ಟುಡಿಯೊದಲ್ಲಿ, ಗಿಡಗಳ ಮಧ್ಯೆ, ನಿಮ್ಮದೊಂದು ದೊಡ್ಡ ಫೋಟೋ ಬೇಕು. ಭಾನುವಾರ ಫೋಟೋಗ್ರಾಫರ್ ಬರ್ತಾರೆ."

ಇಷ್ಟು ವರ್ಷ ಬರೀ ಧ್ವನಿಯಾಗಿದ್ದ ರಾಯರಿಗೆ ಮುಖ ಸಿಗುವ ಗಳಿಗೆ! ಲಿಫ್ಟಿನಲ್ಲಿ ಅವರ ಮಾತಿಗೆ ಬೆಚ್ಚಿದವರೇ ಅವರ ಕಾಲು ತುಳಿದು ಮುಂದೆ ಹೋಗುತ್ತಿದ್ದ ಕಾಲ ಇನ್ನು ಮುಗಿಯಿತು. ಮನೆಯಲ್ಲಿ ಸಂಭ್ರಮ ಎದ್ದಿತು. ಟೀಚರಮ್ಮ ಕುಂಡಗಳಿಗೆ ಸ್ನಾನ ಮಾಡಿಸಿದರು. ಮಗಳು ಕಿಟಕಿ ಉಜ್ಜಿ, ಫೋಟೋಗೆಂದು ರಾಯರ ಹಳೆಯ ಮೈಕೊಂದನ್ನು ಒಳಗೆ ಇಟ್ಟಳು. ಫೋಟೋಗ್ರಾಫರನ ಮುಂದೆ ಬಾಗಿಲು ಕಿರುಚಬಾರದೆಂದು ಬಡಗಿಗೆ ಹೇಳಿಕಳಿಸಿದರು. ರಾಯರು ಮೀಸೆಗೆ ಬಣ್ಣ ಹಚ್ಚಿ, ಕಡುನೀಲಿ ಕೋಟು ತೊಟ್ಟು, ಕನ್ನಡಿಯಲ್ಲಿ ಎಡಗೆನ್ನೆ ಬಲಗೆನ್ನೆಗಳ ನಡುವೆ ಚುನಾವಣೆ ನಡೆಸಿದರು.

ಫೋಟೋಗ್ರಾಫರು ಬರಲು ಇನ್ನೂ ಹೊತ್ತಿತ್ತು. ವಸಂತದ ಕಂತಿನಲ್ಲಿ ಒಂದು ಸಾಲು ಮರಳಿ ಹೇಳಬೇಕಾಗಿತ್ತು. 'ದುಂಬಿ' ಎಂಬುದು 'ತುಂಬಿ' ಎಂದು ಕೇಳಿಸುತ್ತದೆಂದು ನಿರ್ಮಾಪಕಿಯ ತಕರಾರು. ಒಂದೇ ಸಾಲು ತಾನೇ ಎಂದು ರಾಯರು ಫೋನಿನ ಸದ್ದು ಆರಿಸಿ ಅದನ್ನು ಮಂಚದ ಮೇಲಿಟ್ಟು, ಕೋಟು ಸಮೇತ ಬೀರುವಿನೊಳಗೆ, ತೂಗುವ ಬಟ್ಟೆಗಳ ಹಿಂದೆ ಕೂತು, ಕಿವಿಗೆ ಹೆಡ್‌ಫೋನು ಏರಿಸಿ ಕಣ್ಣು ಮುಚ್ಚಿದರು.

ಆ ಹೊತ್ತಿಗೆ ಅತ್ತೆ ಆ ಕಡೆ ಹಾಯ್ದರು. "ಹೊರಗಿನವರು ಬರೋ ದಿನ ಬೀರು ಹೀಗೆ ಬಾಯ್ಬಿಟ್ಕೊಂಡಿದೆ. ಈ ಮನೇಲಿ ಯಾರಿಗೂ ಜವಾಬ್ದಾರಿ ಇಲ್ಲ," ಎಂದು ಬಾಗಿಲು ದಬ್ಬಿ, ಬೀಗ ತಿರುವಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜವಾಬ್ದಾರಿಯಿಂದ ಹಿತ್ತಲಿಗೆ ಹೋದರು.

ರಾಯರು ದುಂಬಿಯನ್ನು ತೃಪ್ತಿಯಾಗುವಷ್ಟು ಹಾರಿಸಿ, ಬಾಗಿಲು ತಳ್ಳಿದರು. ಮತ್ತೆ ತಳ್ಳಿದರು. ಆಮೇಲೆ ಕರೆದರು. ಮೊದಲು ಮನೆಯ ದನಿಯಲ್ಲಿ, "ಲೇ, ಯಾರಿದೀರಿ ಅಲ್ಲಿ?" ನಂತರ ಬ್ಯಾಂಕಿನ ದನಿಯಲ್ಲಿ. ಕೊನೆಗೆ, ಇಡೀ ನಿಲ್ದಾಣವನ್ನೇ ಹಿಂದಕ್ಕೆ ಸರಿಸುತ್ತಿದ್ದ ಆ ದನಿಯನ್ನು ಹೊಕ್ಕುಳಿನಿಂದ ಎತ್ತಿ ಗರ್ಜಿಸಿದರು. ಕಂಬಳಿಗಳು ಅಷ್ಟನ್ನೂ ಶ್ರದ್ಧೆಯಿಂದ ಕುಡಿದವು. ಅತ್ತೆಯ ಹಳೇ ಕೋಟು ಉಳಿದದ್ದನ್ನು ನೆಕ್ಕಿತು.

ಅವರನ್ನು ಹೊರತೆಗೆದದ್ದು ಸಂಜೆಯ ತಂಗಾಳಿ. ಅಂದರೆ, ಅತ್ತೆಗೆ ಶಾಲು ಬೇಕಾಯಿತು.

"ಅಯ್ಯೋ, ಅಳಿಯಂದ್ರೇ! ಇಲ್ಲಿ ಕೂತು ಏನ್ ಮಾಡ್ತಿದೀರಿ? ಹೊರಗೆ ಫೋಟೋ ತೆಗೆದ್ರಲ್ಲಾ!"

ಕೊರಳಿಗೆ ಒಂದು ಹ್ಯಾಂಗರು ಸಿಕ್ಕಿಸಿಕೊಂಡೇ ರಾಯರು ಹಿತ್ತಲಿಗೆ ಓಡಿದರು. ಖಾಲಿ ಲೋಟಗಳಿದ್ದವು. ಟೀಚರಮ್ಮ ಆಗಷ್ಟೇ ಬೀದಿಯಿಂದ ಏದುಸಿರು ಬಿಡುತ್ತ ಬಂದಿದ್ದರು. "ಎಲ್ಲಿ ಹಾಳಾಗಿ ಹೋಗಿದ್ರಿ? ಬೀರು ನೋಡಿದ್ರೆ ಬೀಗ ಹಾಕಿತ್ತು. ಕ್ಷೌರದಂಗಡಿ, ಪಾರ್ಕು, ಬಸ್‌ಸ್ಟ್ಯಾಂಡು, ಎಲ್ಲಾ ಕಡೆ ಹುಡುಕಿ ಬಂದೆ!"

"ಫೋಟೋಗ್ರಾಫರ್?"

"ಹೋದ್ರು ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಫೋಟೋ ಚೆನ್ನಾಗಿ ಬಂತು ಅಂದ್ರು."

"ಯಾರ ಫೋಟೋ?"

ನಡೆದದ್ದು ಇಷ್ಟು. ಫೋಟೋಗ್ರಾಫರು ಬಂದಾಗ ಬೆಳಕು ಜಾರುತ್ತಿತ್ತು. ಸ್ಟುಡಿಯೊದ ಬಾಗಿಲಲ್ಲಿ, ಎದೆಯವರೆಗೆ ಇಳಿದ ಬಿಳಿಗಡ್ಡದ, ಋಷಿಯಂಥ ಕಣ್ಣಿನ ಬಡಗಿ ನಿಂತು, ಬಾಗಿಲನ್ನು ನೋಡುತ್ತ ಚಿಂತಾಮಗ್ನನಾಗಿದ್ದ. "ಈ ಸ್ಟುಡಿಯೊದ ಕೆಲಸವೆಲ್ಲ ನಿಮ್ಮದೇನಾ?" ಎಂದು ಫೋಟೋಗ್ರಾಫರು ಭಕ್ತಿಯಿಂದ ಕೇಳಿದ. "ಪೂರ್ತಿ ನಂದೇ," ಎಂದ ಬಡಗಿ. ಸುಳ್ಳೇನಲ್ಲವಲ್ಲ? ಅವನನ್ನು ಮೈಕಿನ ಮುಂದೆ, ಕುಂಡಗಳ ನಡುವೆ, ಗಲ್ಲಕ್ಕೆ ಕೈಹಚ್ಚಿ ಕೂರಿಸಿದರು. ಬೆಳಕು ಸರಿಯಿದೆಯೋ ಎಂದು ನೋಡಲು ತೆಗೆಯುತ್ತಿದ್ದಾರೆಂದು ಮಗಳು ತಿಳಿದಳು. ಅತ್ತೆ ಮಾತ್ರ ಪಕ್ಕದಲ್ಲಿ ನಿಂತು ತಮ್ಮದೂ ಒಂದು ತೆಗೆಸಿಕೊಂಡರು.

ನಿರ್ಮಾಪಕಿ ಫೋನಿಗೆ ಸಿಕ್ಕಿದ್ದು ಎರಡು ದಿನದ ಮೇಲೆ. ರಾಯರು ಗೋಗರೆದರು. ಅಷ್ಟರಲ್ಲಿ ಕಂತುಗಳ ಜೊತೆ ಫೋಟೋ ಊರೆಲ್ಲ ಹರಡಿತ್ತು. "ಸಾರ್, ನನಗೂ ಬೇಜಾರೇ. ಆದ್ರೆ ನಿಜ ಹೇಳ್ತೀನಿ, ಆ ಮುಖ ನೋಡಿಯೇ ಅರ್ಧ ಜನ ನಿದ್ದೆ ಹೋಗ್ತಿದಾರೆ. ಧ್ವನಿ ನಿಮ್ಮದೇ ಇರಲಿ, ಮುಖ ಹೀಗೇ ಇರಲಿ. ಮುಂದಿನ ವರ್ಷಕ್ಕೂ ನೀವೇ ಬೇಕು ಸಾರ್. ಅಂದ ಹಾಗೆ, ಆ ಬೀರು... ಸ್ವಲ್ಪ ಕಡಿಮೆ ಮಾಡಿ."

ಕೆಲಸವಂತೂ ಉಳಿಯಿತು. ಹಾಗಾಗಿ ಬೀರುವಿಗೆ ಒಳಗಿನಿಂದ ತೆರೆಯುವ ಒಂದು ಚಿಲಕ ಅತ್ಯಗತ್ಯವಾಯಿತು. ಮುಂದಿನ ವಾರ ರಾಯರು ಮನಸ್ಸು ಗಟ್ಟಿಮಾಡಿಕೊಂಡು ಬಡಗಿಯ ಅಂಗಡಿಗೆ ಹೋದರು.

ಅಂಗಡಿಯ ಮುಂದೆ ಜನವೋ ಜನ. ನಿದ್ದೆಗೆಟ್ಟ ಕಣ್ಣುಗಳ ಗಂಡಸರು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದ ಹೆಂಗಸರು. ನಡುವೆ ಎತ್ತರದ ಸ್ಟೂಲಿನ ಮೇಲೆ, ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು, ಬಡಗಿ ಕೂತಿದ್ದ. ಯಾರು ಏನು ಕೇಳಿದರೂ ಗಂಟಲು ತೋರಿಸಿ, ಕೈಯಾಡಿಸಿ, ಮೆಲ್ಲಗೆ ತಲೆದೂಗುತ್ತಿದ್ದ. ಅಷ್ಟಕ್ಕೇ ಜನ ಧನ್ಯರಾಗಿ ಹಿಂದೆ ಸರಿಯುತ್ತಿದ್ದರು.

"ನೋಡಯ್ಯಾ, ಬೀರುಗೆ ಒಂದು ಚಿಲಕ..." ಎಂದು ರಾಯರು ಶುರು ಮಾಡಿದರು.

"ಶ್‌ಶ್!" ಎಂದು ಪಕ್ಕದ ಹೆಂಗಸು ಅವರ ತೋಳು ಜಗ್ಗಿದಳು. "ಸ್ವಲ್ಪ ಮೆತ್ತಗೆ ಮಾತಾಡ್ರಿ. ನಿಮ್ಮ ಗಡಸು ದನಿಗೆ ಅವರು ಉತ್ತರ ಕೊಡೋಕೆ ಹೋಗಿ ಗಂಟಲು ಕೆಟ್ಟರೆ ನಾವೆಲ್ಲ ಏನು ಮಾಡೋಣ?"

ರಾಯರು ಬಾಯಿ ತೆರೆದರು. ಸುತ್ತ ಅಷ್ಟೂ ಕೆಂಪು ಕಣ್ಣುಗಳು ಅವರನ್ನೇ ಇರಿಯುತ್ತಿದ್ದವು. ತೆರೆದ ಬಾಯಿಯನ್ನು ಮುಚ್ಚಿಕೊಂಡು, ಬೆರಳನ್ನು ಕೊಂಡಿಯಂತೆ ಮಡಿಸಿ, ಗಾಳಿಯಲ್ಲಿ ಒಂದು ಚಿಲಕ ಹಾಕಿ ತೆಗೆದು ತೋರಿಸಿದರು. ಬಡಗಿಗೆ ಅರ್ಥವಾಯಿತು. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಒಂದು ಹಲಗೆಯ ಚೂರಿನ ಮೇಲೆ 'ಬುಧವಾರ ಬರ್ತೀನಿ' ಎಂದು ಗೀಚಿ, ಪ್ರಸನ್ನನಾಗಿ ಅವರ ಕೈಗಿತ್ತ. ರಾಯರು ಹಲಗೆಯನ್ನು ಕಂಕುಳಲ್ಲಿರಿಸಿಕೊಂಡು, ಅದನ್ನು ತಮಗೆ ಮಾರುತ್ತೀರಾ ಎಂದು ಬೆನ್ನಟ್ಟಿ ಬಂದ ಇಬ್ಬರನ್ನು ಕೈಸನ್ನೆಯಲ್ಲೇ ನಿವಾರಿಸುತ್ತ, ತುದಿಗಾಲಲ್ಲಿ ಮನೆಯ ದಾರಿ ಹಿಡಿದರು.